ಥೂ ಎಂಬ ಒಂದಕ್ಷರ

ಬೋಜೋ
17 ನವೆಂಬರ್ 2009, ಮಂಗಳವಾರ

ಯಾನ್‌ಪಿಂಗ್,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ ಹಾಳೆ ಕಸದ ಬುಟ್ಟಿಯಲ್ಲಿದೆ. ಇದು ಎರಡನೆಯ ಹಾಳೆ. ಇಲ್ಲಿ ಯಾರೂ ಕ್ಷೇಮವಾಗಿಲ್ಲ. ಹೆಫೆಯಲ್ಲಿ ನೀನು ಕ್ಷೇಮವಾಗಿಯೇ ಇರುತ್ತೀಯ, ಆದ್ದರಿಂದ ಕೇಳುವುದಿಲ್ಲ.

ನಿನ್ನೆ ಮಧ್ಯಾಹ್ನ ನಿನ್ನ ಕಚೇರಿಯ ಡ್ರೈವರ್ ಬಂದು ಒಂದು ಫೈಲು, ಒಂದು ಪೆಟ್ಟಿಗೆ ಕೊಟ್ಟುಹೋದ. "ಸರ್ ಹೇಳಿದಾರೆ ಮೇಡಂ, ಮೊದ್ಲು ಏಡಿ ತಿನ್ನಿ, ಆಮೇಲೆ ಸೈನ್ ಹಾಕಿ ಅಂತ" ಎಂದು ನಕ್ಕ. ಪೆಟ್ಟಿಗೆಯಲ್ಲಿ ಎಂಟು ಏಡಿ, ಕಾಲು ಕಟ್ಟಿದವು, ಇನ್ನೂ ಜೀವಂತ, ಬಾಯಲ್ಲಿ ನೊರೆ. ಫೈಲಿನ ಕೊನೆಯ ಪುಟದಲ್ಲಿ 'ಸ್ಲೈಡುಗಳನ್ನು ಓದಿದವರು' ಎಂಬ ಸಾಲಿನ ಮುಂದೆ ಖಾಲಿ ಜಾಗ. ಅಲ್ಲಿ ನನ್ನ ಹೆಸರು ಬಿದ್ದರೆ ಡಿಸೆಂಬರ್ ಒಂದರಿಂದ ಜಿಲ್ಲಾಸ್ಪತ್ರೆಯಲ್ಲಿ ನಲವತ್ತು ರೋಗಿಗಳಿಗೆ ನಮ್ಮ ಔಷಧಿಯ ಪುಡಿ ಕುಡಿಸಲು ಶುರುಮಾಡುತ್ತಾರೆ. ನಲವತ್ತೂ ಜನ ಯಕೃತ್ತು ಕಲೆಗಟ್ಟಿ ಗಂಟಾದವರು, ಕೈ ಮುಗಿದು ಏನು ಕೊಟ್ಟರೂ ಕುಡಿಯುವವರು.

ನೀನು ಯಾವ ಕಾಗದವನ್ನೂ ಕೊನೆಯಿಂದ ಓದುವವನು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ನಾನು ಸೈನ್ ಹಾಕುವುದಿಲ್ಲ.

ಏಡಿಗಳು ಸುಮ್ಮನೆ ಸಾಯಬಾರದೆಂದು ಒಂದನ್ನು ಆವಿಯಲ್ಲಿ ಬೇಯಿಸಿದೆ. ಚಿಪ್ಪು ಎತ್ತಿದರೆ ಒಳಗೆ ಆ ಹಳದಿ ಮುದ್ದೆ. ಮದುವೆಯಾದ ಹೊಸತರಲ್ಲಿ ನಿನ್ನ ಪಾಂಡಿತ್ಯ ತೋರಿಸಲು "ಜನ ಇದನ್ನ ಕೊಬ್ಬು ಅಂತ ಚಪ್ಪರಿಸ್ತಾರೆ ಸುಚಿನ್, ಇದು ಏಡಿಯ ಲಿವರ್ ಕಣೇ" ಎಂದಿದ್ದೆ ನೆನಪಿದೆಯೇ? ಆಗ ಇಬ್ಬರೂ ನಕ್ಕು ತಿಂದಿದ್ದೆವು. ನಿನ್ನೆ ಅದರ ವಾಸನೆಗೆ ಸಿಂಕಿನ ಮುಂದೆ ನಿಂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡೆ. ಉಳಿದ ಏಳನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಅವರು ನಿನಗೆ ಥ್ಯಾಂಕ್ಸ್ ಹೇಳಿದ್ದಾರೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಮಾತಿನ ಮಧ್ಯೆ ಬಾಯಿ ಹಾಕುತ್ತೀಯ, ನಾನು ಸುಮ್ಮನಾಗುತ್ತೇನೆ, ಕೊನೆಗೆ ನೀನು ಹೇಳಿದ್ದೇ ಆಗುತ್ತದೆ. ಹದಿನೆಂಟು ವರ್ಷ ಹಾಗೆಯೇ ನಡೆಯಿತು. ನೀನು ಮನೆ ಬಿಟ್ಟು ಹೆಫೆಗೆ ಹೋಗಿ ಎರಡು ವರ್ಷವಾದರೂ ಹಾಗೆಯೇ ನಡೆಯಿತು. ಕಾಗದದ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲವಲ್ಲ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನನಗೆ ಅತಿ ಹೆಚ್ಚು ಹೇಸಿಗೆಯಾಗುವುದು ಅದನ್ನು ನೆನೆದಾಗಲೇ. ಮೂರು ವರ್ಷದ ಹಿಂದಿನ ನಮ್ಮ ಮೊದಲನೆಯ ಬ್ಯಾಚು ನಿಜವಾಗಿತ್ತು. ವಿಷ ಚುಚ್ಚಿ ಯಕೃತ್ತನ್ನು ಕಲೆಗಟ್ಟಿಸಿದ ಇಲಿಗಳಿಗೆ ದಾನ್‌ಶೆನ್ನಿನ ಕೆಂಪು ಬೇರು, ಜೊತೆಗೆ ಸಾನ್‌ಚಿ ಗೆಡ್ಡೆ ಸೇರಿಸಿದ ಪುಡಿ ಕೊಟ್ಟೆವು. ಬಣ್ಣ ಹಾಕಿದ ಸ್ಲೈಡಿನಲ್ಲಿ ಕಲೆಯೆಲ್ಲ ಕೆಂಪು ಬಲೆಯಾಗಿ ಕಾಣುತ್ತದೆ. ಪುಡಿ ಕುಡಿದ ಇಲಿಗಳಲ್ಲಿ ಆ ಬಲೆ ಮೂರರಲ್ಲಿ ಒಂದು ಪಾಲು ತೆಳುವಾಗಿತ್ತು. ನಾನು ನಾಲ್ಕು ಸಲ ಎಣಿಸಿದೆ. ಎರಡನೆಯ ಬ್ಯಾಚಿನಲ್ಲೂ ಅಷ್ಟೇ ಬಂತು. ಪವಾಡವಲ್ಲ, ಮೂರರಲ್ಲಿ ಒಂದು ಪಾಲು. ಆದರೆ ಸತ್ಯ.

ಆ ಎರಡೂ ಬ್ಯಾಚಿಗೆ ಬೇರು ಕತ್ತರಿಸಿ ಕೊಟ್ಟವರು ಯಾರು? ನಿನ್ನ ಅಪ್ಪ. ನಲವತ್ತು ವರ್ಷ ಈ ಊರಿನ ಔಷಧಿ ಅಂಗಡಿಗಳಿಗೆ ಬೇರು ಕತ್ತರಿಸಿದವರು, ಪೇಟೆಯೆಲ್ಲ ನಿಮ್ಮ ಮನೆತನದ ಹೆಸರಿಗೆ ಕತ್ತಿ ಸೇರಿಸಿ 'ಕತ್ತಿ ಖೆ' ಎಂದು ಕರೆಯುವ ಮನುಷ್ಯ. ಮೂವತ್ತು ವರ್ಷದಿಂದ ತಮ್ಮ ಯಕೃತ್ತಿನಲ್ಲೇ ಆ ಕಾಯಿಲೆ ಇಟ್ಟುಕೊಂಡು, ಆಸ್ಪತ್ರೆಯ ಮಾತ್ರೆ ನುಂಗುತ್ತ, ಎಪ್ಪತ್ತರ ವಯಸ್ಸಿನಲ್ಲಿ ಕೂತು ಒಂದೊಂದು ಬಿಲ್ಲೆಯನ್ನೂ ಬೆಳಕು ಹಾಯುವಷ್ಟು ತೆಳ್ಳಗೆ ಕತ್ತರಿಸಿದರು. ನಾನು ಅವರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ್ದೆ. "ನಲವತ್ತು ವರ್ಷ ಕುಯ್ದೆ ಕಣಮ್ಮ, ಕುಯ್ದಿದ್ದು ಎಲ್ಲೋಗಿ ಏನ್ ಮಾಡುತ್ತೆ ಅಂತ ಇವತ್ತು ನೋಡ್ದೆ" ಎಂದರು. ಆಗಲೇ ಹೆಫೆಯಿಂದ ಬಂದ ಪ್ರೊಫೆಸರು ಒಳಗೆ ಬಂದು ಈ ಮುದುಕರು ಯಾರು ಎಂದು ಕೇಳಿದರು. ನೀನು "ಬೇರು ಕತ್ತರಿಸೋ ಕೆಲಸದವರು" ಎಂದೆ. ಮಾವ ಎದ್ದು, ಪ್ರೊಫೆಸರಿಗೆ ತಲೆ ಬಾಗಿಸಿ ಹೊರಗೆ ಹೋದರು. ಅಂದು ರಾತ್ರಿ ಊಟಕ್ಕೆ ಕೂತಾಗ "ಅವನು ಸುಳ್ಳೇನೂ ಹೇಳ್ಲಿಲ್ವಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಥೂ, ಅದನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಈ ವರ್ಷದ ಆರಂಭದಲ್ಲಿ ಮೂರನೆಯ ಬ್ಯಾಚಿಗೆ ಯುನ್ನಾನ್‌ನಿಂದ ಸಾನ್‌ಚಿ ಬರಲಿಲ್ಲ. ನೀನು ಜೀವಮಾನದಲ್ಲಿ ಮೊದಲ ಸಲ ಕೋಟು ಹಾಕಿಕೊಂಡು ಬೋಜೋದ ಗಿಡಮೂಲಿಕೆ ಮಾರುಕಟ್ಟೆಗೆ ಹೋದೆ. ಪಾತ್ರೆ ತೊಳೆಯುವವಳೂ ಅಲ್ಲಿ ಹತ್ತು ಬೇರಿನ ಹೆಸರು ಹೇಳುತ್ತಾಳೆ, ನೀನು ಒಂದನ್ನೂ ಮುಟ್ಟಿ ನೋಡಿದವನಲ್ಲ. ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ ನಿನ್ನ ಅಪ್ಪ ಬಾಗಿಲಲ್ಲಿ ಕೂತು ಬಿಸಿಲು ಕಾಯುತ್ತಿದ್ದರು. ಒಂದು ಗೆಡ್ಡೆ ತಂದು ಅವರ ಅಂಗೈಯಲ್ಲಿ ಇಟ್ಟಿದ್ದರೆ ಈ ಕಾಗದ ಬರೆಯಬೇಕಾಗಿರಲಿಲ್ಲ. ಮಧ್ಯಾಹ್ನಕ್ಕೆ ಚೀಲ ಗೋದಾಮಿಗೆ ಬಂತು, ವಾರದಲ್ಲಿ ಅದರ ಅರ್ಧ ಮಿಲ್ಲಿಗೆ ಹೋಯಿತು. ಪುಡಿಯಾದ ಮೇಲೆ ಕತ್ತಿಗೆ ಏನು ಕೆಲಸ?

ಏಪ್ರಿಲ್‌ನಲ್ಲಿ ಗೋರಿ ಗುಡಿಸುವ ಹಬ್ಬಕ್ಕೆ ಅತ್ತೆಯ ಗೋರಿಗೆಂದು ನೀನು ಬಂದಾಗ ಆ ಪುಡಿಯ ಒಂದು ಡಬ್ಬಿ ತಂದೆ. "ಅಪ್ಪಾ, ನಿನ್ ಲಿವರಿಗೆ ನನ್ ಕೈಯ್ಯಾರೆ ಮಾಡಿದ್ದು" ಎಂದು ಬಿಸಿನೀರಿನಲ್ಲಿ ನೀನೇ ಕಲಸಿ ಕೊಟ್ಟೆ. ಮಾವ ಬಟ್ಟಲನ್ನು ನೋಡಲಿಲ್ಲ, ನಿನ್ನ ಕೈಯನ್ನು ನೋಡಿದರು. ಒಂದೇ ಗುಟುಕಿಗೆ ಕುಡಿದರು. ನೀನು ಸಂಜೆಯ ಬಸ್ಸಿಗೆ ಹೊರಟುಹೋದೆ. ಮರುದಿನದಿಂದ ಪ್ರತಿ ಬೆಳಗ್ಗೆ ಕಲಸಿ ಕೊಟ್ಟವಳು ನಾನು. ಮಾವ ಒಂದು ದಿನವೂ ಬೇಡ ಎನ್ನಲಿಲ್ಲ, ಒಂದು ಮಾತೂ ಆಡಲಿಲ್ಲ, ಕುಡಿದು ಖಾಲಿ ಬಟ್ಟಲನ್ನು ನನಗೆ ತೋರಿಸುತ್ತಿದ್ದರು.

ಜೂನ್‌ನಲ್ಲಿ ಇಲಿಗಳು ಸಾಯತೊಡಗಿದವು. ಇಪ್ಪತ್ತನಾಲ್ಕರಲ್ಲಿ ಏಳು. ಹೊಟ್ಟೆ ಊದಿ, ರೋಮ ಕೆದರಿ, ತಮ್ಮ ಹೇಲಿನ ಮೇಲೆಯೇ ಮಗ್ಗುಲಾಗಿ ಬಿದ್ದಿದ್ದವು. ಹೊಟ್ಟೆ ಸೀಳಿದರೆ ಹಳದಿ ನೀರು ಮೇಜಿನಿಂದ ನನ್ನ ಚಪ್ಪಲಿಯ ಮೇಲೆ ಸುರಿಯಿತು. ಯಕೃತ್ತು ಕಪ್ಪಗೆ ಊದಿಕೊಂಡಿತ್ತು. ಹನ್ನೊಂದನೇ ತಾರೀಖು ಸ್ಲೈಡ್ ನೋಡಿದೆ. ಅದು ನಾವು ಮಾಡಿಸಿದ ಕಲೆಯಲ್ಲ, ಬೇರೆಯೇ ರೋಗ. ಯಕೃತ್ತಿನ ಸಣ್ಣ ಸಣ್ಣ ರಕ್ತನಾಳಗಳೆಲ್ಲ ಕಟ್ಟಿಹೋಗಿ, ರಕ್ತ ಹಿಂದಕ್ಕೆ ನಿಂತು ಜೀವಕೋಶಗಳು ಕೊಳೆತಿದ್ದವು. ನಿನಗೆ ಫೋನ್ ಮಾಡಿದೆ. ನೀನು ಏನೆಂದೆ ಎನ್ನುವುದನ್ನು ಹಾಗೆಯೇ ಬರೆಯುತ್ತೇನೆ: "ಆ ಏಳನ್ನ ಲೆಕ್ಕದಿಂದ ತೆಗ್ದುಬಿಡು. ಚಳಿಗೆ ಸತ್ವು ಅಂತ ಬರಿ."

ಚಳಿಗೆ! ಜೂನ್ ತಿಂಗಳಲ್ಲಿ, ಬೋಜೋದಲ್ಲಿ, ಜನ ರಸ್ತೆಯಲ್ಲಿ ಅಂಗಿ ಬಿಚ್ಚಿ ಓಡಾಡುವಾಗ! ನಾನು ನಕ್ಕೆ ಅನಿಸುತ್ತದೆ. ನೀನು "ಎಸಿ ಜಾಸ್ತಿ ಇಟ್ಟಿದ್ರು ಅನ್ನು, ಅದಕ್ಕೇನೀಗ" ಎಂದೆ. ನಾನು ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರಲ್ಲ, ಅದೇ ದುಂಡು ಅಕ್ಷರದಲ್ಲಿ 'ಚಳಿಯಿಂದ ಸಾವು' ಎಂದು ಏಳು ಸಲ ಬರೆದು, ಕೆಳಗೆ ಗೂ ಸುಚಿನ್ ಎಂದು ಸೈನ್ ಹಾಕಿದೆ. ನಿನ್ನ ಮೇಲೆ ಎಷ್ಟು ಅಸಹ್ಯವಿದೆಯೋ ಆ ಕೈಯ ಮೇಲೂ ಅಷ್ಟೇ ಇದೆ. ಅದೇ ಕೈಯಿಂದ ಇದನ್ನು ಬರೆಯುತ್ತಿದ್ದೇನೆ, ಬೇರೆ ಕೈ ಇಲ್ಲ.

ಜುಲೈ ಮೂರರಂದು ಮನಸ್ಸು ತಡೆಯದೆ ಗೋದಾಮಿಗೆ ಹೋದೆ. ಅರ್ಧ ಖಾಲಿಯಾದ ಚೀಲ ಮೂಲೆಯಲ್ಲಿತ್ತು. ಮೇಲೆ ಮಸಿಯಲ್ಲಿ ಸಾನ್‌ಚಿ ಎಂದು ಬರೆದಿತ್ತು, ಆದರೆ ಅದಕ್ಕೂ ಮೊದಲು ಇನ್ನೊಂದು ಅಕ್ಷರವಿತ್ತು. ಥೂ. ಥೂ ಸಾನ್‌ಚಿ. ಒಂದನೇ ಕ್ಲಾಸಿನ ಮಕ್ಕಳಿಗೂ ಬರುವ ಅಕ್ಷರ, ಎರಡು ಅಡ್ಡಗೆರೆ, ಒಂದು ಉದ್ದಗೆರೆ. ಅಲ್ಲಿಂದಲೇ ನಿನಗೆ ಫೋನ್ ಮಾಡಿ ಇದನ್ನು ನೋಡಿದೆಯಾ ಎಂದು ಕೇಳಿದೆ.

"ನೋಡ್ದೆ. ಥೂ ಅಂದ್ರೆ ಮಣ್ಣು. ನಮ್ ಮಣ್ಣಿಂದು ಅಂತ ತಾನೆ? ಥೂ ಕೋಳಿ ಅಂದ್ರೆ ನಾಟಿ ಕೋಳಿ, ಥೂ ಮೊಟ್ಟೆ ಅಂದ್ರೆ ನಾಟಿ ಮೊಟ್ಟೆ. ಜನ ಹುಡುಕ್ಕೊಂಡು ಹೋಗಿ ತರ್ತಾರೆ. ನಾಟಿ ಸಾನ್‌ಚಿ ಇನ್ನೂ ಒಳ್ಳೇದೇ ಅಂತ ತಂದೆ" ಎಂದೆ ನೀನು.

ನಾಟಿ ಸಾನ್‌ಚಿ! ಕೋಳಿಗೆ ಮೊದಲು ಆ ಅಕ್ಷರ ಬಂದರೆ ಒಳ್ಳೆಯ ಕೋಳಿ. ಸಾನ್‌ಚಿಗೆ ಮೊದಲು ಬಂದರೆ ಅದು ಸಾನ್‌ಚಿಯೇ ಅಲ್ಲ, ಕುಲವೇ ಬೇರೆ. ಅಜ್ಜಿಯರು ಕುಂಡದಲ್ಲಿ ಬೆಳೆಸಿ ಉಳುಕಿದ ಕಾಲಿಗೆ ಅರೆದು ಹಚ್ಚುವ ಗಿಡ. ಹೊಟ್ಟೆಗೆ ಹೋದರೆ ಯಕೃತ್ತಿನ ನಾಳಗಳನ್ನು ಕಟ್ಟಿಹಾಕುತ್ತದೆ. ಯಕೃತ್ತಿನ ಔಷಧಿ ಮಾಡುತ್ತೇವೆಂದು ಹೊರಟು ಯಕೃತ್ತನ್ನೇ ಕೊಲ್ಲುವುದನ್ನು ಅರೆದೆವು. ಶಾಲೆಯಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದು ನೆನಪಾಯಿತು: ಮಣ್ಣು ಎಂಬ ಆ ಅಕ್ಷರದ ಪಕ್ಕದಲ್ಲಿ ಒಂದು ಬಾಯಿ ಬರೆದರೆ 'ಉಗುಳು' ಎಂದಾಗುತ್ತದೆ, ಎರಡನ್ನೂ ಓದುವುದು ಥೂ ಎಂದೇ.

ಅಷ್ಟರವರೆಗೆ ಆದದ್ದು ತಪ್ಪು, ಯಾನ್‌ಪಿಂಗ್. ಓದಿದವನೂ ಎಡವುತ್ತಾನೆ. ತಪ್ಪಿಗೆ ನಾನು ಹೇಸುವವಳಲ್ಲ. ಹೇಸಿದ್ದು ಅದರ ಮುಂದಿನ ಮಾತಿಗೆ. ನೀನು "ಯಾರಿಗೂ ಹೇಳ್ಬೇಡ. ಮುಂದೆ ಒಳ್ಳೇದು ತರಿಸ್ತೀನಿ" ಎಂದೆ. ತರಿಸಲಿಲ್ಲ. ತರಿಸಿದ್ದರೆ ಬ್ಯಾಚು ಯಾಕೆ ಬದಲಾಯಿತೆಂದು ಆಸ್ಪತ್ರೆಯವರಿಗೆ ಹೇಳಬೇಕಾಗುತ್ತಿತ್ತು. ಜುಲೈನಲ್ಲಿ ಅರ್ಧವಿದ್ದ ಚೀಲ ಅಕ್ಟೋಬರಿನಲ್ಲಿ ನಾನು ನೋಡುವಾಗ ಬರಿದಾಗಿತ್ತು, ಅದರ ಪಕ್ಕದಲ್ಲಿ ನಲವತ್ತು ಜನರ ಹೆಸರಿಗೆ ನಲವತ್ತು ಡಬ್ಬಿ ಸಾಲಾಗಿ ಕೂತಿದ್ದವು. ಮೇಲೆ ಚಂದದ ಚೀಟಿ, ಹಸಿರು ಎಲೆಯ ಚಿತ್ರ.

ನಿನ್ನ ಅಪ್ಪ ಕುಡಿಯುತ್ತಿದ್ದ ಡಬ್ಬಿಯ ಬಗ್ಗೆ ಆ ಫೋನಿನಲ್ಲಿ ನೀನು ಕೇಳಲೇ ಇಲ್ಲ. ಮರೆತಿದ್ದೆ ಎಂದೇ ನಂಬಲು ಪ್ರಯತ್ನಿಸುತ್ತೇನೆ. ನಾನು ಅದನ್ನು ಅಂದೇ ಚರಂಡಿಗೆ ಸುರಿದೆ. ಇದನ್ನು ಓದಿ ನನ್ನನ್ನು ದೊಡ್ಡವಳೆಂದುಕೊಳ್ಳಬೇಡ. ಸ್ಲೈಡ್ ನೋಡಿದ್ದು ಜೂನ್ ಹನ್ನೊಂದು, ಡಬ್ಬಿ ಸುರಿದದ್ದು ಜುಲೈ ಮೂರು. ನಡುವಿನ ಇಪ್ಪತ್ತೆರಡು ದಿನ ನಾನು ಲ್ಯಾಬಿನಲ್ಲಿ ಸತ್ತ ಇಲಿಗಳ ಯಕೃತ್ತು ನೋಡಿ, ಮನೆಯಲ್ಲಿ ಅದೇ ಪುಡಿ ಕಲಸಿದೆ. ಕಲಸದಿದ್ದರೆ ಯಾಕೆಂದು ಮಾವ ಕೇಳುತ್ತಾರೆ, ಕೇಳಿದರೆ ನಾನು ಸೈನ್ ಹಾಕಿದ್ದನ್ನು ಹೇಳಬೇಕಾಗುತ್ತದೆ. ಇಲಿ ಬೇರೆ, ಮನುಷ್ಯ ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗಸ್ಟಿನಲ್ಲಿ ಮಾವನ ಹೊಟ್ಟೆ ಊದಿತು. "ಮೂವತ್ತು ವರ್ಷದ ಕಾಯಿಲೆ, ಹೀಗೇ ಆಗೋದು" ಎಂದು ನೀನು ಫೋನಿನಲ್ಲಿ ಹೇಳಿದೆ. ಅಕ್ಟೋಬರಿನಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಬಂದು ಇಪ್ಪತ್ತು ನಿಮಿಷ ನಿಂತು ಹೋದೆ. ಹೊಟ್ಟೆಯಿಂದ ನಾಲ್ಕು ಲೀಟರ್ ನೀರು ತೆಗೆದರು, ಹಾಲಿಲ್ಲದ ತೆಳು ಚಹಾದ ಹಳದಿ ಬಣ್ಣ. ಆ ಬಣ್ಣವನ್ನು ನಾನು ನನ್ನ ಚಪ್ಪಲಿಯ ಮೇಲೆ ನೋಡಿದ್ದೆ. ಡಾಕ್ಟರ್ ಲೂ, ನಮಗಿಂತ ತೀರ ಚಿಕ್ಕ ವಯಸ್ಸಿನ ಹೆಣ್ಣುಮಗಳು, "ತಾತ, ಗಿಡಮೂಲಿಕೆ ಏನಾದ್ರೂ ತಗೊಂಡ್ರಾ? ನಿಜ ಹೇಳಿ" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮಾವ, "ನನ್ ಮಗ ದೊಡ್ಡ ಸಂಶೋಧಕ ಕಣಮ್ಮ. ಅಂಥಾ ಮನೇಲಿ ಕಂಡಕಂಡಿದ್ದು ಯಾಕೆ ಕುಡೀತೀನಿ?" ಎಂದರು. ಹೊಟ್ಟೆಯಲ್ಲಿ ಸೂಜಿ ಇಟ್ಟುಕೊಂಡು ನಿನ್ನ ಮಾನ ಕಾಯುತ್ತಿದ್ದರು. ನಾನೂ ಸುಮ್ಮನೆ ನಿಂತೆ.

ಮೊನ್ನೆ ಶನಿವಾರ, ಜುಲೈನಲ್ಲೇ ಆ ಚೀಲದಿಂದ ಎತ್ತಿಟ್ಟುಕೊಂಡಿದ್ದ ಒಂದು ಗೆಡ್ಡೆಯನ್ನು ಅವರ ಅಂಗೈಯಲ್ಲಿ ಇಟ್ಟೆ. ಮಾವ ಅದನ್ನು ಮೇಜಿಗೆ ಕುಟ್ಟಿ ಸದ್ದು ಕೇಳಿದರು, ಹಣ್ಣು ಕುಯ್ಯುವ ಚಾಕು ಕೇಳಿ ತೆಗೆದುಕೊಂಡರು. ಕೈ ನಡುಗುತ್ತದೆ, ನೀರಿನ ಲೋಟ ಹಿಡಿಯಲು ಆಗುವುದಿಲ್ಲ, ಆದರೂ ಚಾಕು ಗೆಡ್ಡೆಗೆ ತಾಗಿದಾಗ ನಡುಕ ನಿಂತಿತು. ತೆಳ್ಳನೆಯ ಒಂದು ಬಿಲ್ಲೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, "ನೋಡು, ನಡುವೆ ಬೆಂಡು. ಸಾನ್‌ಚಿಗೆ ಬೆಂಡಿರಲ್ಲ. ತಾಮ್ರದ ಚರ್ಮ, ಕಬ್ಬಿಣದ ಮೂಳೆ ಅಂತೀವಿ ಅದಕ್ಕೆ" ಎಂದರು. ಆಮೇಲೆ ಬಿಲ್ಲೆಯನ್ನು ನನ್ನ ಕೈಗಿಟ್ಟು, "ಅವನಿಗೆ ಹೇಳ್ಬೇಡ. ಚಿಕ್ಕೋನಿದ್ದಾಗ ಬೇರು ಮುಟ್ಟೋಕೆ ಬಂದ್ರೆ ಕೈ ಮೇಲೆ ಹೊಡೀತಿದ್ದೆ, ನೀನು ಓದು, ಈ ಗಲೀಜು ನನಗಿರ್ಲಿ ಅಂತ. ಗೊತ್ತಿಲ್ದೇ ಇರೋದು ಅವನ ತಪ್ಪಲ್ಲ" ಎಂದರು. ಆ ಬಿಲ್ಲೆಯನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡು.

ಅವರು ಬೇಡ ಎಂದದ್ದನ್ನು ನಾನು ಮಾಡಿದ್ದೇನೆ. ಶನಿವಾರವೇ ಡಾಕ್ಟರ್ ಲೂಗೆ ಎಲ್ಲ ಹೇಳಿದೆ. ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, "ಒಂದು ತಿಂಗಳಿಂದ ನಾನು ಕತ್ತಲಲ್ಲಿ ಹುಡುಕ್ತಿದೀನಿ, ನೀವು ಪಕ್ಕದಲ್ಲೇ ನಿಂತಿದ್ರಿ" ಎಂದಳು. ಅವಳ ಮುಖದಲ್ಲಿದ್ದ ಹೇಸಿಗೆ ನನಗೆ ಸಲ್ಲಬೇಕಾದದ್ದೇ. ಔಷಧಿ ಬದಲಾಯಿಸಿದ್ದಾಳೆ. ಉಳಿಯುತ್ತಾರೋ ಇಲ್ಲವೋ ಇನ್ನೆರಡು ವಾರ ಬೇಕು ಎಂದಿದ್ದಾಳೆ.

ಇಂದು ಬೆಳಗ್ಗೆ ಜಿಲ್ಲಾಸ್ಪತ್ರೆಯ ಸಮಿತಿಗೆ ಹೋಗಿ ಆ ಏಳು ಇಲಿಗಳ ಸ್ಲೈಡು, ಉಳಿದ ಗೆಡ್ಡೆ, ಚೀಲದಿಂದ ಕತ್ತರಿಸಿದ ಆ ಮೂರಕ್ಷರದ ತುಂಡು ಕೊಟ್ಟು ಬಂದೆ. ಲೆಕ್ಕದಿಂದ ತೆಗೆದುಬಿಡು ಎಂದಿದ್ದೆಯಲ್ಲ, ಸ್ಲೈಡುಗಳನ್ನು ಬಿಸಾಡಿರಲಿಲ್ಲ. ಹೇಳಿಕೆಯ ಮೊದಲ ಸಾಲು ನನ್ನ ಬಗ್ಗೆ, ನಿನ್ನ ಹೆಸರು ಎರಡನೆಯ ಸಾಲಿನಲ್ಲಿದೆ. ನಲವತ್ತು ಡಬ್ಬಿಗೂ ನನ್ನ ಕಣ್ಣೆದುರೇ ಬೀಗ ಬಿತ್ತು. ನಿನಗೆ ಫೋನ್ ಬರುತ್ತದೆ, ಅಥವಾ ಆಗಲೇ ಬಂದಿರಬಹುದು.

ಮೊದಲ ಎರಡು ಬ್ಯಾಚಿನ ಕಾಗದವನ್ನೂ ಜೊತೆಗೆ ಕೊಟ್ಟಿದ್ದೇನೆ. ಆ ಕೆಂಪು ಬೇರು ಏನೂ ತಪ್ಪು ಮಾಡಿಲ್ಲ. ನಾಳೆ ಯಾರಾದರೂ ಕೈ ಶುದ್ಧವಿದ್ದವರು ಅಲ್ಲಿಂದ ಮುಂದುವರಿಯಲಿ. ಮೂರರಲ್ಲಿ ಒಂದು ಪಾಲು ನಿಜ ನಮ್ಮ ಕೈಯಲ್ಲಿತ್ತು, ಅದು ನಿನಗೆ ಸಾಲಲಿಲ್ಲ.

ಮಾವ ದಿನಕ್ಕೆರಡು ಸಲ ನಿನ್ನನ್ನು ಕೇಳುತ್ತಾರೆ. "ಮೀಟಿಂಗ್ ಇರುತ್ತೆ ಪಾಪ" ಎಂದು ತಾವೇ ಉತ್ತರ ಹೇಳಿಕೊಳ್ಳುತ್ತಾರೆ. ಬಂದು ಹೋಗು. ಏನೂ ತರಬೇಡ, ಬರಿಗೈಯಲ್ಲಿ ಬಾ.

ಇನ್ನೂ ಕಾನೂನಿನಲ್ಲಿ ನಿನ್ನ ಹೆಂಡತಿಯಾಗಿರುವ
ಗೂ ಸುಚಿನ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮಾವ ಒಂದು ಮಾತೂ ಆಡಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಏಪ್ರಿಲ್‌ನಲ್ಲಿ ನೀನು ಹೋದ ಮರುದಿನ ನಾನು ಮೊದಲ ಸಲ ಕಲಸಿ ಕೊಟ್ಟಾಗ, ಒಂದು ಗುಟುಕು ಬಾಯಲ್ಲಿ ಆಡಿಸಿ, ನನ್ನ ಮುಖ ನೋಡಿ, "ಥೂ" ಎಂದರು. ಒಂದೇ ಅಕ್ಷರ. ಉಗುಳುತ್ತಿದ್ದಾರೆಂಬಂತೆ ನಾನು ಗದರಿದೆ: "ಅವರು ಓದಿದವರು, ನೀವು ಕತ್ತಿ ಹಿಡಿದವರು. ಬಾಯಿ ಮುಚ್ಚಿ ನುಂಗಿ." ನುಂಗಿದರು. ಆಮೇಲೆ ಖಾಲಿ ಬಟ್ಟಲು ತೋರಿಸುವುದು ಶುರುವಾಯಿತು. ಅವರು ಉಗುಳಿರಲಿಲ್ಲ, ಯಾನ್‌ಪಿಂಗ್. ಗೆಡ್ಡೆಯ ಹೆಸರು ಹೇಳಿದ್ದರು. ನಾನು ಬೋಜೋದಲ್ಲೇ ಹುಟ್ಟಿದವಳು, ನನಗೆ ಆಗಲೇ ಅರ್ಥವಾಗಿತ್ತು.